ವೈದ್ಯರಾದ ಪೌಲ್ ಬ್ರ್ಯಾಂಡ್‌ರವರ ಜೀವಿತ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಲ್ಲಿ ಬರಿಗಾಲಿನಿಂದ ಹೊಲಕ್ಕೆ ಹೋಗುವವರೂ ಉಂಟು, ಸಕ್ಕರೆ ಕಾಯಿಲೆಯುಳ್ಳವರೂ ಉಂಟು. ಇವೆರಡೂ ಒಬ್ಬನಲ್ಲೇ ಕೂಡಿದರೆ ಅಂಗಾಲಿನ ಸಣ್ಣ ಹುಣ್ಣು ಕಾಲನ್ನೇ ಕಳೆಯುವಷ್ಟು ಬಲಿಯಬಹುದು. ಇಂಥ ಹುಣ್ಣುಗಳ ಮೂಲವನ್ನು ತಿಳಿಯಪಡಿಸಿದ ಒಬ್ಬ ವೈದ್ಯರ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಪೌಲ್ ಬ್ರ್ಯಾಂಡ್‌ರವರು 1914ನೆಯ ಇಸವಿ ಜುಲೈ 17ರಲ್ಲಿ ತಮಿಳು ಸೀಮೆಯ ಕೊಲ್ಲಿಮಲೆಯಲ್ಲಿ ಮಿಶನರಿ ದಂಪತಿಗಳ ಮಗನಾಗಿ ಹುಟ್ಟಿದರು. ಒಂಬತ್ತನೆಯ ವಯಸ್ಸಿನಲ್ಲಿ ವಿದ್ಯೆಗಾಗಿ ಇಂಗ್ಲೆಂಡಿಗೆ ಹೋದ ಬಾಲಕನು ತಂದೆಯ ಮುಖವನ್ನು ತಿರಿಗಿ ಕಾಣಲಿಲ್ಲ. 1929ರಲ್ಲಿ ತಂದೆಯು ಆ ಬೆಟ್ಟದಲ್ಲಿಯೇ ಜ್ವರದಿಂದ ತೀರಿಹೋದರು. ಪೌಲರು ಮೊದಲು ಬಡಗಿ ಮತ್ತು ಗಾರೆ ಕೆಲಸಗಳನ್ನು ಕಲಿತು, ಬಳಿಕ ಲಂಡನಿನಲ್ಲಿ ವೈದ್ಯವಿದ್ಯೆಯನ್ನು ಮುಗಿಸಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು.

ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಅದು ತಾನಾಗಿ ಕೊಳೆತು ಉದುರುವದು ಎಂದು ಆಗ ವೈದ್ಯರೂ ನಂಬಿದ್ದರು. ಹೀಗಿರಲಾಗಿ ಒಂದು ದಿನ ಬ್ರ್ಯಾಂಡ್‌ರವರಿಂದ ತಿರುಗಿಸಲಾಗದ ತುಕ್ಕು ಹಿಡಿದ ಬೀಗವನ್ನು ರೋಗಿಯಾದ ಒಬ್ಬ ಹುಡುಗನು ಸುಲಭವಾಗಿ ತೆರೆದನು. ನೋಡಿದರೆ ಕೀಲಿಯು ಅವನ ಬೆರಳನ್ನು ಎಲುಬಿನ ತನಕ ಕೊಯ್ದಿತ್ತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ನೋವೆಂಬ ಕಾವಲುಗಾರನಿಲ್ಲದ ಮೈಗೆ ತಿಳಿಯದೆ ಪೆಟ್ಟು ಬೀಳುತ್ತದೆ, ಹುಣ್ಣಾದ ಕಾಲಿನ ಮೇಲೆಯೇ ರೋಗಿಯು ನಡೆಯುತ್ತಾನೆ, ಆದಕಾರಣ ಹುಣ್ಣು ಮಾಯುವದಿಲ್ಲ ಎಂದು ಅವರು ಕಂಡುಕೊಂಡರು. ಅಂಥ ಕಾಲಿಗೆ ಪ್ಲಾಸ್ಟರಿನ ಕಟ್ಟು ಹಾಕಿ ಭಾರವನ್ನು ಹಂಚಿದಾಗ ಹಳೆಯ ಹುಣ್ಣುಗಳೂ ಮಾದವು. ಮತ್ತೆ ಹುಣ್ಣಾಗದಂತೆ ಮೆತ್ತನೆಯ ರಬ್ಬರಿನ ಪಾದರಕ್ಷೆಗಳನ್ನು ಮಾಡಿಸಿದರು. ರಾತ್ರಿಯಲ್ಲಿ ಇಲಿಗಳು ರೋಗಿಗಳ ಮರಗಟ್ಟಿದ ಬೆರಳುಗಳನ್ನು ಕಡಿಯುತ್ತವೆಂದು ತಿಳಿದು ಅವರಿಗೆ ಬೆಕ್ಕುಗಳನ್ನು ಸಾಕಲು ಕೊಟ್ಟರು.

1966ರಲ್ಲಿ ಅವರು ಅಮೇರಿಕದ ಕಾರ್ವಿಲ್ ಎಂಬ ಕುಷ್ಠರೋಗದ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆಯಿಂದ ನರಗಳು ಮಂಕಾದವರ ಕಾಲಿಗೂ ಇದೇ ಗತಿಯೆಂದು ಕಂಡು, ಅದೇ ಚಿಕಿತ್ಸೆಯನ್ನು ಅಲ್ಲಿಯ ವೈದ್ಯರಿಗೆ ಕಲಿಸಿದರು. 2003ನೆಯ ಇಸವಿ ಜುಲೈ 8ರಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ಸಕ್ಕರೆ ಕಾಯಿಲೆಯಲ್ಲಿ ನರಗಳಲ್ಲದೆ ರಕ್ತನಾಳಗಳೂ ಕೆಡುವದುಂಟು. ಕಾಲಿಗೆ ರಕ್ತವು ಸಾಲದಿದ್ದರೆ, ಕೀವು ತುಂಬಿದರೆ, ಹುಣ್ಣು ಎಲುಬನ್ನು ಮುಟ್ಟಿದರೆ, ಸಕ್ಕರೆಯು ಹತೋಟಿ ತಪ್ಪಿದರೆ, ರೋಗಿಯು ಬೀಡಿಯನ್ನು ಬಿಡದಿದ್ದರೆ ಮಾಯುವದು ಕಠಿನ. ಆದಕಾರಣ ಯಾವ ಹುಣ್ಣಿಗೆ ಕಟ್ಟು ಹಾಕಬಹುದೆಂಬದನ್ನು ವೈದ್ಯರೇ ನಿರ್ಣಯಿಸಬೇಕು. ತಡಮಾಡುವದೇ ಎಲ್ಲಕ್ಕಿಂತ ದೊಡ್ಡ ಹಾನಿ. ನೋವಿಲ್ಲವೆಂದು ಸುಮ್ಮನಿರುವವರೇ ಬಹುಮಂದಿ.

ಆದ್ದರಿಂದ ಸಕ್ಕರೆ ಕಾಯಿಲೆಯುಳ್ಳವರು ಪ್ರತಿ ಸಾಯಂಕಾಲ ಅಂಗಾಲನ್ನೂ ಬೆರಳಿನ ಸಂದುಗಳನ್ನೂ ನೋಡಿಕೊಳ್ಳಲಿ. ಕಣ್ಣು ಮಂದವಾದವರಿಗೆ ಮನೆಯವರು ನೋಡಿ ಹೇಳಲಿ. ಬರಿಗಾಲಿನಲ್ಲಿ ನಡೆಯದಿರಲಿ, ಮೆಟ್ಟನ್ನು ಕೊಡವಿ, ಒಳಗೆ ಕೈಯಾಡಿಸಿ ಮೆಟ್ಟಿಕೊಳ್ಳಲಿ. ಜಡ್ಡನ್ನು ಬ್ಲೇಡಿನಿಂದ ಕೊಯ್ಯಬಾರದು, ಕಾಲನ್ನು ಬೆಂಕಿಗೆ ಕಾಯಿಸಬಾರದು. ಹುಣ್ಣು, ಬಾವು, ದುರ್ವಾಸನೆ, ಕಪ್ಪು ಬಣ್ಣ ಕಂಡರೆ ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕೆಂದು ಬಿನ್ನವಿಸುತ್ತೇವೆ. ಕಾವಲುಗಾರನು ಮಲಗಿರುವ ಮನೆಯಲ್ಲಿ ಯಜಮಾನನೇ ಎಚ್ಚರವಾಗಿರಬೇಕಷ್ಟೆ.