ಸೈಕಲ್ ಫ್ರೇಮಿನೊಳಗೆ ಏನಿದೆ?

  

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಅವನ ಅನುಮತಿ ಕೇಳಿಯೇ ಇದನ್ನ ಹೇಳ್ತಾ ಇದ್ದೀನಿ. ಐಟಿ ಕೆಲಸ. ಈ ವರ್ಷ ಒಂದು ದೊಡ್ಡ ಮೌಂಟೇನ್ ಬೈಕ್ ರೇಸ್‌ಗೆ ಹೆಸರು ಕೊಟ್ಟಿದ್ದಾನೆ. ಕಾಡುದಾರಿ, ಕಲ್ಲುದಾರಿ, ಇಡೀ ದಿನ ತುಳಿಯೋದು. ಅದಕ್ಕೆ ದಿನಾ ಬೆಳಿಗ್ಗೆ ನಾಲ್ಕೂವರೆಗೆ ಏಳ್ತಾನೆ. ಶನಿವಾರ ಅವಲಹಳ್ಳಿ ಕಾಡು, ಭಾನುವಾರ ನಂದಿ ಬೆಟ್ಟ. ಮೂರು ತಿಂಗಳಿಂದ ಅವನು ಸಭೆಗೆ ಬರೋದು ಸಂದೇಶ ಅರ್ಧ ಆದ ಮೇಲೆ. ಬಂದ್ರೂ ಕೂತಲ್ಲೇ ನಿದ್ದೆ. ಮನೆಯಲ್ಲಿ ಅಮ್ಮನ ಜೊತೆ ಕೂತು ಊಟ ಮಾಡಿ ಎಷ್ಟು ದಿನ ಆಯ್ತೋ ಗೊತ್ತಿಲ್ಲ. ಅವನೇ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ, ಪಾಸ್ಟರ್, ಈ ಸೈಕಲ್ಲನ್ನ ಮಾರಿಬಿಡಲಾ ಅಂತ.

ಅವತ್ತು ನಾನು ಉತ್ತರ ಕೊಡಲಿಲ್ಲ. ಒಂದು ವಾರ ಪ್ರಾರ್ಥನೆ ಮಾಡಿದೆ. 1 ತಿಮೊಥೆ 4:8 ಓದಿದೆ. ದೇಹವನ್ನು ಸಾಧನೆ ಮಾಡೋದರಿಂದ ಸ್ವಲ್ಪ ಪ್ರಯೋಜನ ಉಂಟು, ಆದರೆ ಭಕ್ತಿ ಎಲ್ಲದಕ್ಕೂ ಪ್ರಯೋಜನ ಅನ್ನೋದು ಅಲ್ಲಿನ ಮಾತಿನ ಅರ್ಥ. ನಾವು ಪಾಸ್ಟರ್‌ಗಳು ಆ ಮೊದಲ ಅರ್ಧವನ್ನ ಬೇಗ ದಾಟಿಬಿಡ್ತೀವಿ. ಸ್ವಲ್ಪ ಪ್ರಯೋಜನ ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ. ಹಾಗಾದ್ರೆ ಆ ಸ್ವಲ್ಪ ಏನು? ಅದು ಯಾರಿಗೋಸ್ಕರ? ಇವತ್ತು ಒಬ್ಬ ಸೈಕಲ್ ಸವಾರನ ಜೀವನವನ್ನ ನಿಮ್ಮ ಮುಂದೆ ಇಡ್ತೀನಿ. ಹೆಸರು ಜೀನೋ ಬಾರ್ತಾಲಿ. ಅವರು ಕ್ಯಾಥೊಲಿಕರು, ನಾವು ಪೆಂಟೆಕೊಸ್ತರು. ಉಪದೇಶದಲ್ಲಿ ವ್ಯತ್ಯಾಸ ಇದೆ, ಅದನ್ನ ಮರೆಮಾಚೋದಿಲ್ಲ. ಆದರೆ ಕಲಿಯಬೇಕಾದ್ದು ಇದೆ.

ಜೀನೋ ಹುಟ್ಟಿದ್ದು 1914ರ ಜುಲೈ 18ರಂದು, ಇಟಲಿಯ ಫ್ಲಾರೆನ್ಸ್ ಪಕ್ಕದ ಪೊಂತೆ ಆ ಏಮಾ ಅನ್ನೋ ಸಣ್ಣ ಊರಲ್ಲಿ. ಅಪ್ಪ ದಿನಗೂಲಿ. ಹುಡುಗ ಹದಿಮೂರರ ಆಸುಪಾಸಿನಲ್ಲೇ ಊರಿನ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಪಂಕ್ಚರ್ ಹಾಕೋದು, ಚೈನ್ ಸರಿ ಮಾಡೋದು, ಗಾಲಿಯ ಕಡ್ಡಿ ಬಿಗಿಯೋದು. ಹಾಗೇ ಸುತ್ತಲಿನ ಗುಡ್ಡ ಹತ್ತುತ್ತಾ ಹತ್ತುತ್ತಾ ಗೊತ್ತಾಯ್ತು, ಏರು ಬಂದರೆ ಈ ಹುಡುಗನನ್ನ ಹಿಡಿಯೋರು ಯಾರೂ ಇಲ್ಲ ಅಂತ. 1935ರಲ್ಲಿ ವೃತ್ತಿಪರ ಸವಾರ. 1936ರ ಜೂನ್ 7ರಂದು, ಇಪ್ಪತ್ತೊಂದನೇ ವಯಸ್ಸಿಗೆ, ಇಡೀ ಇಟಲಿ ಸುತ್ತುವ ರೇಸ್, ಜಿರೋ ಡಿ ಇಟಾಲಿಯಾ, ಅವರ ಕೈಗೆ ಬಂತು.

ಒಂದೇ ಒಂದು ವಾರ. ಜೂನ್ 14ರಂದು ಅವರ ತಮ್ಮ ಜೂಲಿಯೋ, ಅವನೂ ಸವಾರನೇ, ಒಂದು ರೇಸ್‌ನಲ್ಲಿ ಕಾರಿಗೆ ಡಿಕ್ಕಿ ಹೊಡೆದ. ಎರಡು ದಿನಕ್ಕೆ ತೀರಿಕೊಂಡ. ಪ್ರಿಯರೇ, ಸ್ವಲ್ಪ ಯೋಚನೆ ಮಾಡಿ. ಅಣ್ಣನನ್ನ ನೋಡಿ ತಮ್ಮ ಸೈಕಲ್ ಹತ್ತಿದ. ಅದೇ ಸೈಕಲ್ ಮೇಲೆ ಪ್ರಾಣ ಹೋಯ್ತು. ಗೆದ್ದ ಕಿರೀಟ ಇನ್ನೂ ಬಾಡಿಲ್ಲ, ಮನೆಯಲ್ಲಿ ಶವ. ಜೀನೋ ರೇಸ್ ಬಿಟ್ಟೇಬಿಡ್ತೀನಿ ಅನ್ನೋ ಮಟ್ಟಕ್ಕೆ ಹೋದರು. ನಮ್ಮ ತಮ್ಮ ಕೇಳಿದ ಪ್ರಶ್ನೆನೇ, ಆದರೆ ಎಷ್ಟು ದೊಡ್ಡ ಬೆಲೆ ಕೊಟ್ಟು ಕೇಳಿದ ಪ್ರಶ್ನೆ!

ಅವರು ಬಿಡಲಿಲ್ಲ. ಆದರೆ ಹಳೇ ಜೀನೋ ಆಗಿಯೂ ಉಳಿಯಲಿಲ್ಲ. ದೇವರಿಗೆ ತನ್ನನ್ನ ಹೊಸದಾಗಿ ಒಪ್ಪಿಸಿಕೊಂಡರು. ಮಠಕ್ಕೆ ಹೋಗದೆ, ಸಂಸಾರ, ಕೆಲಸದ ನಡುವೆಯೇ ಪ್ರಾರ್ಥನೆಯ ಶಿಸ್ತಿನಲ್ಲಿ ಬದುಕುವ ಕಾರ್ಮೆಲ್ ಸಭೆಯ ಗೃಹಸ್ಥರ ಬಳಗಕ್ಕೆ ಸೇರಿದರು. ರೇಸ್ ಇರುವ ದಿನಗಳಲ್ಲೂ ಬೆಳಿಗ್ಗೆ ಮೊದಲು ಆರಾಧನೆ, ಆಮೇಲೆ ಸೈಕಲ್. ಪತ್ರಿಕೆಯವರು ಭಕ್ತ ಜೀನೋ ಅಂತ ಅಡ್ಡಹೆಸರು ಇಟ್ಟರು. ಕೆಲವರು ಪ್ರೀತಿಯಿಂದ ಕರೆದರು, ಕೆಲವರು ಗೇಲಿ ಮಾಡೋಕೆ ಕರೆದರು.

1938ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದರು. ಆಗಿನ ಟೂರ್ ಅಂದರೆ ಏನಂತ ನಿಮ್ಮಲ್ಲಿ ಮೌಂಟೇನ್ ಬೈಕ್ ಓಡಿಸೋರಿಗೆ ಬೇಗ ಅರ್ಥ ಆಗುತ್ತೆ. ಆಲ್ಪ್ಸ್ ಪರ್ವತದ ಎಷ್ಟೋ ಘಟ್ಟಗಳಲ್ಲಿ ಡಾಂಬರೇ ಇರಲಿಲ್ಲ. ಮಣ್ಣು, ಜಲ್ಲಿ, ಮಳೆ ಬಂದರೆ ಕೆಸರು. ಇವತ್ತಿನ ಹಾಗೆ ಬೆರಳಲ್ಲಿ ಒತ್ತಿದರೆ ಬೀಳುವ ಗೇರ್ ಇಲ್ಲ. ಅಂಥ ದಾರಿಯಲ್ಲಿ ಗೆದ್ದು ಬಂದಾಗ, ಆ ಗೆಲುವನ್ನ ಫ್ಯಾಸಿಸ್ಟ್ ಸರ್ಕಾರ ತನ್ನದು ಅಂತ ತೋರಿಸಿಕೊಳ್ಳೋಕೆ ಕಾಯ್ತಾ ಇತ್ತು. ಬಾರ್ತಾಲಿ ಮುಸೊಲಿನಿಯ ಹೆಸರು ಎತ್ತಿ ಅದನ್ನ ಅರ್ಪಿಸಲಿಲ್ಲ. ಸರ್ವಾಧಿಕಾರಿಯ ನಾಡಲ್ಲಿ ಹಾಗೆ ಸುಮ್ಮನಿರೋದೂ ಧೈರ್ಯವೇ.

ಆಮೇಲೆ ಯುದ್ಧ. 1940ರಲ್ಲಿ ಅವರನ್ನ ಸೈನ್ಯಕ್ಕೆ ಕರೆದರು. ಅದೇ ವರ್ಷ ನವೆಂಬರ್‌ನಲ್ಲಿ ಆದ್ರಿಯಾನಾ ಅನ್ನೋ ಹುಡುಗಿಯ ಜೊತೆ ಮದುವೆ. ಮರುವರ್ಷ ಮಗ ಆಂದ್ರೇಯಾ ಹುಟ್ಟಿದ. ದೊಡ್ಡ ರೇಸ್‌ಗಳಲ್ಲಿ ಹೆಚ್ಚಿನವು ನಿಂತವು. ಇಪ್ಪತ್ತಾರರಿಂದ ಮೂವತ್ತೊಂದು, ಒಬ್ಬ ಸವಾರನ ಕಾಲಲ್ಲಿ ಅತಿ ಹೆಚ್ಚು ಬಲ ಇರುವ ವರ್ಷಗಳು. ಆ ಬಲವನ್ನ ಏನು ಮಾಡೋದು? ಟ್ರೈನಿಂಗ್ ಮಾಡಿ ಮಾಡಿ ಇಟ್ಟುಕೊಂಡಿದ್ದು ಯಾತಕ್ಕೆ?

1943ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೈನ್ಯ ಫ್ಲಾರೆನ್ಸ್‌ಗೆ ನುಗ್ಗಿತು. ಯೆಹೂದ್ಯರನ್ನ ಹುಡುಕಿ ಹುಡುಕಿ ಹಿಡಿದು ಸಾವಿನ ಕ್ಯಾಂಪ್‌ಗಳಿಗೆ ಸಾಗಿಸೋಕೆ ಶುರು ಮಾಡಿದರು. ಆ ನಗರದ ರಬ್ಬಿ ನಾಥಾನ್ ಕಸ್ಸೂತೋ ಮತ್ತು ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಇಬ್ಬರೂ ಕೈಜೋಡಿಸಿ ಒಂದು ಗುಪ್ತ ಜಾಲ ಕಟ್ಟಿದರು. ಯೆಹೂದ್ಯರಿಗೆ ಅಡಗೋಕೆ ಜಾಗ, ಬೇರೆ ಹೆಸರಿನ ಗುರುತಿನ ಚೀಟಿ. ಈ ಚೀಟಿಗಳನ್ನ ಅಸ್ಸೀಸಿ ಪಟ್ಟಣದಲ್ಲಿ ಲುಯೀಜಿ ಬ್ರೀತ್ಸಿ ಅನ್ನೋ ಮುದ್ರಣಗಾರ ಗುಟ್ಟಾಗಿ ಅಚ್ಚು ಹಾಕ್ತಾ ಇದ್ದ. ಫೋಟೋಗಳು ಆ ಕಡೆ ಹೋಗಬೇಕು, ಚೀಟಿಗಳು ಈ ಕಡೆ ಬರಬೇಕು. ನಡುವೆ ಸುಮಾರು 180 ಕಿಲೋಮೀಟರ್ ಗುಡ್ಡಗಾಡು, ದಾರಿ ತುಂಬಾ ಸೈನಿಕರ ತಪಾಸಣೆ.

ಒಂದೇ ದಿನದಲ್ಲಿ ಅಷ್ಟು ದೂರ ತುಳಿದರೂ ಯಾರಿಗೂ ಸಂಶಯ ಬರಬಾರದು. ಅಂಥವರು ಯಾರಿದ್ದಾರೆ? ಕಾರ್ಡಿನಲ್ ಬಾರ್ತಾಲಿಯನ್ನ ಕರೆಸಿದರು. ಆದ್ರಿಯಾನಾಳ ಜೊತೆ ಅವರ ಮದುವೆ ಮಾಡಿಸಿದ್ದು ಇದೇ ಕಾರ್ಡಿನಲ್.

ಮಗ ಮುಂದೆ ಹೇಳಿದ ಪ್ರಕಾರ ಕೆಲಸ ನಡೆದಿದ್ದು ಹೀಗೆ. ಸೀಟ್ ಕಂಬ ಹೊರಗೆ ತೆಗೀತಾರೆ. ಕಾಗದಗಳನ್ನ ಸುರುಳಿ ಸುತ್ತಿ ಫ್ರೇಮಿನ ಪೈಪಿನೊಳಗೆ ತೂರಿಸ್ತಾರೆ. ಸೀಟ್ ಮತ್ತೆ ಬಿಗೀತಾರೆ. ಎದೆ ಮೇಲೆ ತನ್ನದೇ ಹೆಸರು ಬರೆದ ಜೆರ್ಸಿ ಹಾಕ್ಕೊಂಡು ಹೊರಡ್ತಾರೆ. ತಡೆದ ಸೈನಿಕರಿಗೆ ಇವರು ಚಾಂಪಿಯನ್ ಬಾರ್ತಾಲಿ, ಟ್ರೈನಿಂಗ್ ಮಾಡ್ತಾ ಇದ್ದಾರೆ, ಅಷ್ಟೇ. ಸೈಕಲ್ ಮುಟ್ಟಬೇಡಿ, ಎಲ್ಲಾ ಭಾಗನೂ ಅಳತೆ ಮಾಡಿ ಹೊಂದಿಸಿದ್ದು ಅಂತ ಕೇಳಿಕೊಳ್ಳೋರಂತೆ. ಸೈಕಲ್ ಅಂಗಡಿಯಲ್ಲಿ ಕಲಿತ ಕೆಲಸ, ಗುಡ್ಡದ ಮೇಲೆ ಗಳಿಸಿದ ಬಲ, ಗೆದ್ದು ಸಂಪಾದಿಸಿದ ಹೆಸರು, ಈ ಮೂರೂ ಆ ದಾರಿಯಲ್ಲಿ ಬೇಕಾಯ್ತು. ಹಲ್ಲೆಲೂಯಾ!

ಸಿಕ್ಕಿಬಿದ್ದರೆ ಏನಾಗ್ತಿತ್ತು? ರಬ್ಬಿ ಕಸ್ಸೂತೋ ಅವರನ್ನ 1943ರ ನವೆಂಬರ್‌ನಲ್ಲಿ ಹಿಡಿದರು. ಔಶ್ವಿಟ್ಸ್‌ಗೆ ಕಳಿಸಿದರು. ಅವರು ತಿರುಗಿ ಬರಲಿಲ್ಲ. ಬಾರ್ತಾಲಿಯನ್ನೂ ಒಮ್ಮೆ ಫ್ಲಾರೆನ್ಸ್‌ನ ಫ್ಯಾಸಿಸ್ಟ್ ಪೊಲೀಸರು ಹಿಂಸೆಗೆ ಕುಖ್ಯಾತವಾದ ಮನೆಗೆ ಕರೆಸಿ ವಿಚಾರಣೆ ಮಾಡಿದರು, ಆಮೇಲೆ ಬಿಟ್ಟರು. ಮನೆಯಲ್ಲಿ ಹೆಂಡತಿ, ತೊದಲು ಮಾತಿನ ಮಗು. ಆ ಸಮಯದಲ್ಲೇ ಗೋಲ್ಡನ್‌ಬರ್ಗ್ ಅನ್ನೋ ಯೆಹೂದ್ಯ ಕುಟುಂಬಕ್ಕೆ ತಮ್ಮ ಆಸರೆಯಲ್ಲೇ ಅಡಗುತಾಣ ಕೊಟ್ಟಿದ್ದರು, ಕೊನೆಗೆ ಅವರನ್ನ ನೆಲಮಾಳಿಗೆಯಲ್ಲಿ ಬಚ್ಚಿಟ್ಟರು. 1944ರ ಆಗಸ್ಟ್‌ನಲ್ಲಿ ನಗರಕ್ಕೆ ಬಿಡುಗಡೆ ಬರೋ ತನಕ ಆ ಕುಟುಂಬ ಉಳಿದುಕೊಂಡಿತು.

ಯುದ್ಧ ಮುಗೀತು. ಬಾರ್ತಾಲಿ ಮತ್ತೆ ರೇಸ್‌ಗೆ ಬಂದಾಗ ಎಲ್ಲರೂ ಮುದುಕ ಅಂದರು. 1948ರ ಟೂರ್. ಯುವಕ ಲೂಯಿಸೋ ಬೊಬೇ ಮುಂದೆ, ಇವರು 21 ನಿಮಿಷಕ್ಕಿಂತ ಹೆಚ್ಚು ಹಿಂದೆ. ಜುಲೈ 14ರಂದು ಇಟಲಿಯಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಯ ಮೇಲೆ ಗುಂಡು ಹಾರಿತು, ದೇಶ ಬೆಂಕಿಯ ಅಂಚಿಗೆ ಬಂತು. ಆ ರಾತ್ರಿ ಪ್ರಧಾನಿ ದೆ ಗಾಸ್ಪೆರಿ ಫೋನ್ ಮಾಡಿ ಗೆಲ್ಲೋಕೆ ಕೇಳಿಕೊಂಡರು ಅಂತ ಬಾರ್ತಾಲಿ ಆಮೇಲೆ ಹೇಳ್ತಾ ಇದ್ದರು. ಮರುದಿನ ಕಾನ್‌ನಿಂದ ಬ್ರಿಯಾನ್ಸೋನ್‌ಗೆ 274 ಕಿಲೋಮೀಟರ್, ಚಳಿ, ಮಳೆ, ಕೊನೆಗೆ ಇಝೋಆರ್ ಘಟ್ಟ. ಆ ದಿನ ಗೆದ್ದರು. ಮರುದಿನವೂ ಗೆದ್ದು ಹಳದಿ ಜೆರ್ಸಿ ತೊಟ್ಟರು. ಪ್ಯಾರಿಸ್ ಮುಟ್ಟುವಾಗ ಎರಡನೆಯವನಿಗಿಂತ 26 ನಿಮಿಷ ಮುಂದೆ. ಮೊದಲ ಗೆಲುವಿಗೂ ಎರಡನೆಯದಕ್ಕೂ ಹತ್ತು ವರ್ಷ!

ಇಲ್ಲಿಗೇ ನಿಲ್ಲಿಸಿದರೆ ಸಂತನ ಕಥೆ ಆಗುತ್ತೆ. ಆದರೆ ಸತ್ಯವೇದ ದಾವೀದನ ಪಾಪವನ್ನ ಬಚ್ಚಿಡೋದಿಲ್ಲ, ನಾನೂ ಬಚ್ಚಿಡಬಾರದು. ಅದೇ 1948ರ ಆಗಸ್ಟ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಬಾರ್ತಾಲಿ, ಕೊಪ್ಪಿ ಇಬ್ಬರೂ ಇಟಲಿ ತಂಡದಲ್ಲಿ. ಕೊಪ್ಪಿ ಕಿರಿಯ, ದೊಡ್ಡ ಪ್ರತಿಭೆ, ಬದ್ಧ ಎದುರಾಳಿ. ನೀನು ಗೆಲ್ಲಬಾರದು, ನೀನು ಗೆಲ್ಲಬಾರದು ಅಂತ ಒಬ್ಬರನ್ನೊಬ್ಬರು ಕಾಯ್ತಾ, ಇಬ್ಬರೂ ರೇಸ್ ಬಿಟ್ಟು ಇಳಿದರು. ದೇಶಕ್ಕೇ ಅವಮಾನ. ಒಕ್ಕೂಟ ಇಬ್ಬರಿಗೂ ಶಿಕ್ಷೆ ಹಾಕಿತು. ನೋಡಿ, ಗೊತ್ತಿಲ್ಲದ ಜನರಿಗಾಗಿ ಪ್ರಾಣ ಪಣಕ್ಕಿಟ್ಟ ಮನುಷ್ಯನಿಗೆ ಪಕ್ಕದ ಸವಾರನಿಗೆ ದಾರಿ ಬಿಡೋಕೆ ಆಗಲಿಲ್ಲ. ಬೈಗುಳ, ಗೊಣಗಾಟ, ಸಿಗರೇಟು, ಇವೆಲ್ಲ ಅವರಿಗೆ ಇತ್ತು. ನಮಗೂ ಇಂಥವು ಇಲ್ವಾ? ಮರುವರ್ಷ ಅದೇ ಕಾನ್‌ನಿಂದ ಬ್ರಿಯಾನ್ಸೋನ್ ದಾರಿಯಲ್ಲಿ ಇಬ್ಬರೂ ಒಟ್ಟಿಗೆ ತುಳಿದರು. ಅವತ್ತು ಬಾರ್ತಾಲಿಯ 35ನೇ ಹುಟ್ಟುಹಬ್ಬ. ಕೊಪ್ಪಿ ಆ ದಿನದ ಗೆಲುವನ್ನ ಅವರಿಗೆ ಬಿಟ್ಟುಕೊಟ್ಟರು. ಕೃಪೆ ಕೆಲವು ಸಲ ನಮ್ಮ ಎದುರಾಳಿಯ ಕೈಯಿಂದಲೂ ಬರುತ್ತೆ. ಆಮೆನ್?

1954ರಲ್ಲಿ ಬಾರ್ತಾಲಿ ನಿವೃತ್ತರಾದರು. 2000ನೇ ಇಸವಿಯ ಮೇ 5ರಂದು ತೀರಿಕೊಂಡರು. ಅಷ್ಟು ವರ್ಷದಲ್ಲಿ ರೇಸ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಿದ್ದ ಮನುಷ್ಯ, ಪೈಪಿನೊಳಗಿನ ಕಾಗದದ ಬಗ್ಗೆ ಹೊರಗೆ ಮಾತಾಡಲಿಲ್ಲ. ಮಗನಿಗೆ ಅಲ್ಪಸ್ವಲ್ಪ ಹೇಳಿದರೂ ಯಾರಿಗೂ ಹೇಳಬಾರದು ಅಂತ ಕಟ್ಟಪ್ಪಣೆ. ಹೊರಗೆ ಬಂದಿದ್ದೆಲ್ಲ ಮಗನಿಂದ, ಉಳಿದವರ ಸಾಕ್ಷಿಗಳಿಂದ. 2013ರಲ್ಲಿ ಯೆರೂಸಲೇಮಿನ ಯಾದ್ ವಶೇಮ್ ಸಂಸ್ಥೆ, ಯೆಹೂದ್ಯರನ್ನ ಉಳಿಸಿದ ಅನ್ಯಜನಾಂಗದ ನೀತಿವಂತರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿತು. ಆಗ ಅವರು ಸತ್ತು ಹದಿಮೂರು ವರ್ಷ. ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸು ಬಲಗೈ, ಎಡಗೈ ಬಗ್ಗೆ ಕಲಿಸಿದ್ದನ್ನ ನೆನಪು ಮಾಡಿಕೊಳ್ಳಿ. ನಾವು ಹತ್ತು ಕಿಲೋಮೀಟರ್ ತುಳಿದರೆ ಸ್ಟ್ರಾವಾಗೆ ಹಾಕ್ತೀವಿ, ಉಪವಾಸ ಮಾಡಿದರೆ ಸ್ಟೇಟಸ್ ಹಾಕ್ತೀವಿ.

ಈಗ ನಮ್ಮ ತಮ್ಮನಿಗೆ ಉತ್ತರ. ಸೈಕಲ್ ಮಾರಬೇಡ, ಕಂದಾ. ಬ್ಯಾಲೆನ್ಸ್ ಅಂದರೆ ದೇವರಿಗೆ ಎಂಟು ಗಂಟೆ, ಆಫೀಸಿಗೆ ಎಂಟು, ಸೈಕಲ್ಲಿಗೆ ಎಂಟು ಅಂತ ರೊಟ್ಟಿ ಹಂಚಿದ ಹಾಗೆ ಹಂಚೋದಲ್ಲ. ರೋಮಾಪುರದವರಿಗೆ 12:1ರಲ್ಲಿ ಪೌಲನು ದೇಹವನ್ನೇ ಸಜೀವ ಯಜ್ಞವಾಗಿ ಅರ್ಪಿಸೋಕೆ ಬೇಡಿಕೊಳ್ತಾನೆ. ಕಾಲು, ಶ್ವಾಸಕೋಶ, ಹೃದಯದ ಬಡಿತ, ಎಲ್ಲಾ ಸೇರಿದ ದೇಹ. ಅದು ಅರ್ಪಣೆ ಆದ ಮೇಲೆ ಟ್ರೈನಿಂಗ್ ಕೂಡ ಆತನದೇ.

ಆದರೆ ಮೂರು ಮಾತು ಕಟ್ಟುನಿಟ್ಟಾಗಿ ಹೇಳ್ತೀನಿ. ಒಂದು, ಆರಾಧನೆ ಮೊದಲು, ಸೈಕಲ್ ಆಮೇಲೆ. ಲಾಂಗ್ ರೈಡ್ ಶನಿವಾರಕ್ಕೆ ಹಾಕು; ಅದರಿಂದ ರೇಸ್‌ನಲ್ಲಿ ಹತ್ತು ಸ್ಥಾನ ಹಿಂದೆ ಬಿದ್ದರೆ ಬೀಳಲಿ. ಎರಡು, ವಾರದಲ್ಲಿ ಎರಡು ಸಂಜೆ ಅಮ್ಮನ ಜೊತೆ ಕೂತು ಊಟ ಮಾಡು. ಬೆಟ್ಟ ಹತ್ತುವ ತಾಳ್ಮೆ ಮನೆಯಲ್ಲೂ ಕಾಣಬೇಕು. ಮೂರು, ನಿನ್ನ ಫ್ರೇಮಿನೊಳಗೆ ಏನಿದೆ ಅಂತ ಕೇಳಿಕೋ. ನಿನ್ನ ಬಲದಿಂದ ಇನ್ನೊಬ್ಬರಿಗೆ ಏನಾದ್ರೂ ಸಾಗುತ್ತಿದೆಯಾ? ನಮ್ಮ ಸಭೆಯಲ್ಲಿ ಆಸ್ಪತ್ರೆಗೆ ಓಡಾಡೋಕೆ ಜನ ಇಲ್ಲದ ಅಜ್ಜಿಯರಿದ್ದಾರೆ, ಹಾದಿತಪ್ಪುತ್ತಿರೋ ಹುಡುಗರಿದ್ದಾರೆ. ಅವರಲ್ಲಿ ಒಬ್ಬನನ್ನ ಹಿಂದೆ ಕರ್ಕೊಂಡು ತುಳಿ. ಯಾರಿಗೂ ಹೇಳಬೇಡ, ನನಗೂ ಹೇಳಬೇಡ.

ಎಲ್ರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ಈ ಯೌವನದ ಬಲಕ್ಕಾಗಿ ನಿನಗೆ ಸ್ತೋತ್ರ. ಇದನ್ನ ನಾವು ನಮಗಾಗಿಯೇ ಖರ್ಚು ಮಾಡಿದ ದಿನಗಳನ್ನ ಕ್ಷಮಿಸು. ಪವಿತ್ರಾತ್ಮನೇ, ನಮ್ಮ ಕಾಲು, ಕೈ, ಸಮಯ, ಹೆಸರು ಎಲ್ಲವನ್ನೂ ನಿನ್ನ ವಶಕ್ಕೆ ತೆಗೆದುಕೋ. ಯಾರ ಬಾಗಿಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸು. ಎದುರಾಳಿಗೂ ದಾರಿ ಬಿಡುವ ಹೃದಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.