ಖಾನಸಾಹೇಬ ಅಬ್ದುಲ್ ಕರೀಮರ ಚರಿತ್ರವೂ ಧ್ವನಿಯ ಅಚ್ಚೂ

ಗವಾಯಿಯ ವಿದ್ಯೆಯು ಗವಾಯಿಯೊಡನೆಯೇ ಮಣ್ಣುಗೂಡುವದೆಂಬುದು ನಮ್ಮ ಹಿರಿಯರ ಕಾಲದ ದೊಡ್ಡ ದುಃಖವಾಗಿದ್ದಿತು. ಕವಿಯ ಕೃತಿಯು ಓಲೆಯಲ್ಲಿ ಉಳಿಯುವದು, ಶಿಲ್ಪಿಯ ಕೃತಿಯು ಕಲ್ಲಿನಲ್ಲಿ ಉಳಿಯುವದು. ಹಾಡಿದವನ ಹಾಡು ಮಾತ್ರ ಗಾಳಿಗೆ ಹೋಗುತ್ತಿತ್ತು. ಈ ನಷ್ಟದಿಂದ ಪಾರಾದ ಮೊದಲ ತಲೆಮಾರಿನ ಗಾಯಕರಲ್ಲಿ ಖಾನಸಾಹೇಬ ಅಬ್ದುಲ್ ಕರೀಮಖಾನರು ಅಗ್ರಗಣ್ಯರು. ಅವರು ಹುಟ್ಟಿನಿಂದ ಕನ್ನಡಿಗರಲ್ಲದಿದ್ದರೂ ಕನ್ನಡನಾಡು ಅವರಿಗೆ ಪಟ್ಟಿರುವ ಋಣವು ಅಲ್ಪವಾದುದಲ್ಲ.

ಉತ್ತರ ಹಿಂದುಸ್ಥಾನದ ಕೈರಾನಾದಲ್ಲಿ 1872ನೆಯ ಇಸವಿ ನವೆಂಬರ 11ರಂದು ಅವರ ಜನನವಾಯಿತು. ತಂದೆ ಕಾಲೇಖಾನರು. ಮನೆತನವೇ ಸಂಗೀತಗಾರರದು. ತಾರುಣ್ಯದಲ್ಲಿ ಬಡೋದೆಯ ದರಬಾರಿನಲ್ಲಿ ಅವರಿಗೆ ಆಶ್ರಯವು ದೊರೆಯಿತು. ಅಲ್ಲಿ ತಾರಾಬಾಯಿ ಮಾನೆಯವರನ್ನು ವರಿಸಿ, ಆ ಕಾರಣದಿಂದಲೇ ಊರನ್ನು ಬಿಡಬೇಕಾಯಿತು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತಿ ರಾಣೆ ಇವರು ಆ ದಂಪತಿಗಳ ಮಕ್ಕಳು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿ ಬಡ ಹುಡುಗರಿಗೆ ವಿದ್ಯೆಯನ್ನು ಹೇಳಿಕೊಟ್ಟರು. ಮುಂದೆ ಸಂಸಾರವು ಒಡೆಯಿತು. ಪತ್ನಿಯೂ ಮಕ್ಕಳೂ ಅಗಲಿದರು. ಆ ನೋವನ್ನು ನುಂಗಿಕೊಂಡು ಖಾನಸಾಹೇಬರು ಮಿರಜದಲ್ಲಿ ನೆಲೆಸಿದರು.

ಮಿರಜದಿಂದ ಬೆಳಗಾವಿ, ಧಾರವಾಡಗಳಿಗೆ ಹೋಗುವ ರೈಲುದಾರಿಯು ಗೋಕಾಕ ತಾಲೂಕಿನ ಘಟಪ್ರಭಾ, ಹುಕ್ಕೇರಿ ತಾಲೂಕಿನ ಪಾಶ್ಚಾಪುರ ಇವುಗಳ ಮೇಲಿಂದಲೇ ಹಾಯುವದು. ಅವರ ಗಾಯಕಿಯು ಕನ್ನಡನಾಡಿನ ಒಳಕ್ಕೆ ಬಂದದ್ದು ಈ ದಿಕ್ಕಿನಿಂದಲೇ ಸರಿ. ಮೈಸೂರ ದರಬಾರು ಅವರನ್ನು ಸನ್ಮಾನಿಸಿತು. ಕರ್ನಾಟಕ ಪದ್ಧತಿಯ ಸ್ವರವಿನ್ಯಾಸವನ್ನು ಅವರು ಆದರದಿಂದ ಅಭ್ಯಸಿಸಿ ತಮ್ಮ ಗಾಯನದಲ್ಲಿ ಬೆರೆಸಿಕೊಂಡರು. ಕುಂದಗೋಳದ ರಾಮಭಾವು ಅವರ ಪಟ್ಟಶಿಷ್ಯರಾಗಿ ಸವಾಯಿ ಗಂಧರ್ವರೆನಿಸಿದರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಆ ಸವಾಯಿ ಗಂಧರ್ವರ ಶಿಷ್ಯರು.

ಇನ್ನು ಧ್ವನಿಗ್ರಹಣದ ವಿಷಯ. 1905ರ ಸುಮಾರಿಗೆ ಖಾನಸಾಹೇಬರು ಮೊದಲು ರೆಕಾರ್ಡಿಗೆ ಹಾಡಿದಾಗ ವಿದ್ಯುತ್ತಿನ ಸಹಾಯವೇನೂ ಇರಲಿಲ್ಲ. ಗವಾಯಿಯು ದೊಡ್ಡದೊಂದು ಕಹಳೆಯ ಬಾಯಿಗೆ ಹಾಡಬೇಕು. ಕಹಳೆಯ ತುದಿಯ ತೆಳುವಾದ ಪೊರೆಯು ಅದುರಿ, ಅದಕ್ಕೆ ಸೇರಿದ ಸೂಜಿಯು ತಿರುಗುವ ಮೇಣದ ತಟ್ಟೆಯನ್ನು ಕೊರೆಯುವದು. ಇಂದು ಮಿಕ್ಸರ ಯಂತ್ರದ ಗುಂಡಿಗಳಿಂದ ಆಗುವ ಕೆಲಸವು ಅಂದು ಕೂಡ್ರಿಸುವ ಅಂತರದಿಂದಲೇ ಆಗಬೇಕಾಗಿತ್ತು. ತಬಲೆಯು ಹಿಂದೆ, ಕಂಠವು ಮುಂದೆ. ತಾರಸ್ವರಕ್ಕೆ ತುಸು ಹಿಂದೆ ಸರಿಯಬೇಕು, ಮಂದ್ರಕ್ಕೆ ಮುಂದೆ ಬಾಗಬೇಕು. ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ ಮಾತ್ರ. ತಪ್ಪಿದರೆ ಆ ಮೇಣವು ವ್ಯರ್ಥವಾಗಿ ಮೊದಲಿನಿಂದ ಹಾಡಬೇಕು. ಗಂಟೆಗಟ್ಟಲೆ ರಾಗವನ್ನು ಬೆಳೆಸಬಲ್ಲವರು ಆ 3 ನಿಮಿಷಗಳಲ್ಲಿ ರಾಗದ ಸತ್ವವನ್ನು ಹಿಡಿದಿಡುವದನ್ನು ಕಲಿತರು.

1925ರಲ್ಲಿ ಪಶ್ಚಿಮ ದೇಶಗಳಲ್ಲಿ ವಿದ್ಯುತ್ ಧ್ವನಿಗ್ರಹಣವು ರೂಢಿಗೆ ಬಂದು, ಕೆಲವು ವರ್ಷಗಳಲ್ಲಿ ನಮ್ಮ ದೇಶವನ್ನೂ ಮುಟ್ಟಿತು. ಮೈಕಿನಲ್ಲಿ ಬಂದ ಧ್ವನಿಯನ್ನು ಹದಗೊಳಿಸುವ ಯಂತ್ರವೇ ಬೇರೆ, ಹದಗೊಂಡುದನ್ನು ಕೊರೆಯುವ ಯಂತ್ರವೇ ಬೇರೆ ಎಂಬ ವ್ಯವಸ್ಥೆಯು ಆಗಿನದು. ಓಡಿಯನ್ ಕಂಪನಿಗೆ ಖಾನಸಾಹೇಬರು ಹಾಡಿದ ರೆಕಾರ್ಡುಗಳು ಈ ಕಾಲದವು. ಕಹಳೆಯು ಹಿಡಿಯಲಾರದಿದ್ದ ಆ ಕಂಠದ ನವುರು, ಕೊಳಲಿನಂಥ ಮೃದುತ್ವ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ ಇವು ಇಂದಿಗೂ ಕೇಳಬರುತ್ತಿರುವದು ಇದರ ದೆಸೆಯಿಂದ. ಅವರ ಝಿಂಝೋಟಿ ಠುಮರಿಯ ರೆಕಾರ್ಡನ್ನು ಬಾಲಕ ಭೀಮಸೇನರು ಗದಗಿನ ಅಂಗಡಿಯೊಂದರಲ್ಲಿ ಕೇಳಿ ಗಾನವಿದ್ಯೆಗಾಗಿ ಮನೆಯನ್ನೇ ತೊರೆದರೆಂಬುದು ಲೋಕವಿದಿತ.

1937ರ ಅಕ್ಟೋಬರದಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಾಗ ದಾರಿಯಲ್ಲಿ ಪ್ರಕೃತಿಯು ಕೆಟ್ಟು, ಸಿಂಗಪೆರುಮಾಳಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಅಲ್ಲಿಯೇ 27ನೆಯ ತಾರೀಖಿಗೆ ಪೈಗಂಬರವಾಸಿಗಳಾದರು. ಮಿರಜದ ಖ್ವಾಜಾ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ.

ಈ ಚರಿತ್ರದಿಂದ ನಮ್ಮ ಮೂರು ತಾಲೂಕುಗಳವರು ಕಲಿಯತಕ್ಕದ್ದೇನು? ಕುಲಗೋಡ ತಮ್ಮಣ್ಣನು ಬೆಳೆಸಿದ ಶ್ರೀಕೃಷ್ಣ ಪಾರಿಜಾತವು ಈ ನೆಲದ ಸೊತ್ತು. ಕೌಜಲಗಿ ನಿಂಗಮ್ಮನು ಅದರಿಂದಲೇ ಹೆಸರಾದವಳು. ತಮ್ಮಣ್ಣನ ಕಂಠವು ಹೇಗಿತ್ತೆಂಬುದನ್ನು ನಾವು ಇನ್ನು ಯಾವ ಉಪಾಯದಿಂದಲೂ ಅರಿಯಲಾರೆವು. ಇಂದು ಅಂಥ ನಿರುಪಾಯವಿಲ್ಲ. ಆಟದ ರಾತ್ರಿ ಮಿಕ್ಸರಿನಿಂದ ತಂತಿಯನ್ನೆಳೆದು ಬೇರೊಂದು ರೆಕಾರ್ಡರಿನಲ್ಲಿ ಧ್ವನಿಯನ್ನು ತುಂಬಿಕೊಳ್ಳುವದು ಸುಲಭವಾಗಿದೆ. ಆದರೆ ಸುಲಭವೆಂದು ಉದಾಸೀನ ಮಾಡಿದರೆ ಕೆಡುವದೂ ಅಷ್ಟೇ ಸುಲಭ. ಬಯಲಿನಲ್ಲಿ ತಾಳದ ಸದ್ದು ತಾನಾಗಿಯೇ ಕೇಳುವದರಿಂದ ಮೈಕಿನವರು ಅದನ್ನು ಮಿಕ್ಸರಿಗೆ ತುಂಬ ಕೊಡುವದಿಲ್ಲ. ಜನರಿಗೆ ಕೊಟ್ಟ ಹದವನ್ನೇ ರೆಕಾರ್ಡರಿಗೂ ಕೊಟ್ಟರೆ ಹಾಡು ಬಂದೀತು, ತಾಳವು ಮಾಯವಾದೀತು. ಆದಕಾರಣ ರೆಕಾರ್ಡರಿಗೆ ಬೇರೆಯೇ ಹದವಿರಬೇಕು. ಮುಳ್ಳು ಕೆಂಪಿಗೇರದಂತೆ ತುಸು ತಗ್ಗಿಸಿಯೇ ತುಂಬಬೇಕು; ಒಡೆದ ಧ್ವನಿಯನ್ನು ಆಮೇಲೆ ಕೂಡಿಸಲಾಗದು. ಒಬ್ಬನು ಕಿವಿಗೆ ಯಂತ್ರವನ್ನು ಹಚ್ಚಿಕೊಂಡು ಮೊದಲಿನಿಂದ ಕೊನೆಯ ವರೆಗೆ ಕೇಳುತ್ತಿರಬೇಕು. ಎಲ್ಲವೂ ಬೆರೆತು ಅಚ್ಚಾದ ಮೇಲೆ ಕಂಠವನ್ನೂ ಪೇಟಿಯನ್ನೂ ತಿರುಗಿ ಮೊದಲಿನಂತೆ ಬೇರ್ಪಡಿಸುವದು ದುಸ್ತರ. ಮೂಲಪ್ರತಿಯನ್ನು ಒಂದೇ ಕಡೆಯಲ್ಲಿಡದೆ ಎರಡು ಮೂರು ಕಡೆಗಳಲ್ಲಿ, ಊರು, ತಾರೀಖು, ಹಾಡಿದವರ ಹೆಸರು ಬರೆದು ಕಾದಿಡಬೇಕು.

ಖಾನಸಾಹೇಬರಿಗೆ ದೊರೆತದ್ದು 3 ನಿಮಿಷಗಳ ಮೇಣ. ನಮಗೆ ಇಡೀ ರಾತ್ರಿಯ ಅವಕಾಶವುಂಟು. ಮುಪ್ಪಿನ ಪಾರಿಜಾತ ಕಲಾವಿದರು ಇನ್ನೂ ನಮ್ಮ ಹಳ್ಳಿಗಳಲ್ಲಿ ಇರುವಾಗಲೇ ತರುಣರು ಈ ಕಾರ್ಯಕ್ಕೆ ಕೈಹಚ್ಚಬೇಕೆಂದು ನಮ್ಮ ಬಿನ್ನಹ.