ರತ್ನಪರೀಕ್ಷಕ ಆನಂದ ಕುಮಾರಸ್ವಾಮಿ

ಡಾಕ್ಟರ್ ಆನಂದ ಕುಮಾರಸ್ವಾಮಿಯವರ ಹೆಸರನ್ನು ಕೇಳಿದೊಡನೆ ನಮ್ಮ ವಾಚಕರಿಗೆ ನಟರಾಜ ಮೂರ್ತಿಯೂ ರಾಜಪುತ್ರ ಚಿತ್ರಗಳೂ ನೆನಪಿಗೆ ಬರುವುವು. ಭಾರತೀಯ ಕಲೆಯ ಮರ್ಮವನ್ನು ಲೋಕಕ್ಕೆ ತಿಳಿಯಹೇಳಿದ ಈ ಮಹನೀಯರು ಮೊದಲಿಗೆ ಸುತ್ತಿಗೆಯನ್ನು ಹಿಡಿದು ಬೆಟ್ಟಗುಡ್ಡಗಳನ್ನು ಅಲೆದ ಭೂಶಾಸ್ತ್ರಜ್ಞರಾಗಿದ್ದರೆಂಬುದು ಅನೇಕರಿಗೆ ತಿಳಿಯದು. ಕಲ್ಲುಗಳ ಗುಣವನ್ನು ಪರೀಕ್ಷಿಸಹೋದವರು ಜನಾಂಗದ ಸತ್ತ್ವವನ್ನು ಪರೀಕ್ಷಿಸುವಂತಾದ ಆ ವೃತ್ತಾಂತವು ಇಂದಿಗೂ ಮನನಯೋಗ್ಯವಾಗಿರುವುದು.

ಕುಮಾರಸ್ವಾಮಿಯವರು ೧೮೭೭ನೆಯ ಇಸವಿ ಆಗಸ್ಟ್ ೨೨ರಂದು ಕೊಲಂಬೊ ನಗರದಲ್ಲಿ ಜನಿಸಿದರು. ತಂದೆ ಸರ್ ಮುತ್ತು ಕುಮಾರಸ್ವಾಮಿಯವರು ತಮಿಳು ಮನೆತನದ ಪ್ರಸಿದ್ಧ ನ್ಯಾಯವಾದಿಗಳು; ತಾಯಿ ಎಲಿಜಬೆತ್ ಆಂಗ್ಲ ಮಹಿಳೆ. ಮಗುವಿಗೆ ಎರಡು ವರ್ಷ ತುಂಬುವುದರೊಳಗಾಗಿ ತಂದೆಯು ಕಾಲವಾದರು. ಬಾಲಕನು ತಾಯಿಯ ಆಶ್ರಯದಲ್ಲಿ ಇಂಗ್ಲೆಂಡಿನಲ್ಲಿ ಬೆಳೆದು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಭೂಶಾಸ್ತ್ರ, ಸಸ್ಯಶಾಸ್ತ್ರಗಳನ್ನು ವ್ಯಾಸಂಗಮಾಡಿ ೧೯೦೦ರಲ್ಲಿ ಪದವಿಯನ್ನು ಪಡೆದನು. ಲಂಕೆಯ ಶಿಲೆಗಳನ್ನೂ ಗ್ರಾಫೈಟನ್ನೂ ಕುರಿತ ಅವರ ಲೇಖನವು ಅದೇ ವರ್ಷ ಪ್ರಕಟವಾಯಿತು. ೧೯೦೩ರಲ್ಲಿ ಅವರು ಲಂಕೆಯ ಖನಿಜ ಸರ್ವೇಕ್ಷಣಕ್ಕೆ ಮೊದಲನೆಯ ನಿರ್ದೇಶಕರಾದರು.

ಲಂಕೆಗೆ ರತ್ನದ್ವೀಪವೆಂಬ ಹೆಸರು ಪುರಾತನವಾದುದು. ರತ್ನಪುರದ ಸುತ್ತಲಿನ ಜನರು ಹೊಲಗದ್ದೆಗಳಲ್ಲಿ ಗುಂಡಿಗಳನ್ನು ತೋಡಿ, 'ಇಲ್ಲಮ್' ಎಂದು ಕರೆಯುವ ಜಲ್ಲಿಯನ್ನು ಮೇಲಕ್ಕೆತ್ತಿ, ಬುಟ್ಟಿಗಳಲ್ಲಿ ತೊಳೆದು ನೀಲ, ಮಾಣಿಕ್ಯ, ವೈಡೂರ್ಯ, ಗೋಮೇಧಿಕಗಳನ್ನು ಆರಿಸುವರು. ಆದರೆ ಈ ಜಲ್ಲಿಯು ರತ್ನಗಳು ಬಂದು ಸೇರಿದ ಮನೆಯೇ ಹೊರತು ಹುಟ್ಟಿದ ಮನೆಯಲ್ಲ. ದ್ವೀಪದ ನಡುನಾಡಿನ ಬೆಟ್ಟಗಳು ರೂಪಾಂತರಿತ ಶಿಲೆಗಳಿಂದಾದುವು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಣುವ ಚಾರ್ನೊಕೈಟ್ ಜಾತಿಯ ಕಲ್ಲು ಅಲ್ಲಿಯೂ ಉಂಟು. ಒಂದಾನೊಂದು ಕಾಲದ ಕೆಸರೂ ಸುಣ್ಣವೂ ಭೂಗರ್ಭಕ್ಕೆ ಇಳಿದು, ಸುಮಾರು ೫೫ರಿಂದ ೬೦ ಕೋಟಿ ವರ್ಷಗಳ ಹಿಂದೆ, ೮೦೦ ಡಿಗ್ರಿಯಷ್ಟು ಕಾವಿಗೂ ಮೇಲಿನ ನೆಲದ ಅಪಾರ ಭಾರಕ್ಕೂ ಸಿಕ್ಕಿ, ಬಹುಮಟ್ಟಿಗೆ ಕರಗಿಹೋಗದೆಯೇ ಹೊಸ ಹರಳುಗಳಾಗಿ ಮಾರ್ಪಟ್ಟುವು. ಸುಣ್ಣಕಲ್ಲು ಅಮೃತಶಿಲೆಯಾಯಿತು. ಅಲ್ಯುಮಿನಿಯಮ್ ಹೆಚ್ಚಾಗಿ ಸಿಲಿಕವು ಕಡಿಮೆಯಾದ ಎಡೆಗಳಲ್ಲಿ ಕುರುವಿಂದವು ಹುಟ್ಟಿತು. ಕುರುವಿಂದದಲ್ಲಿ ಕ್ರೋಮಿಯಮ್ ಲೇಶಮಾತ್ರ ಬೆರೆತರೆ ಅದೇ ಮಾಣಿಕ್ಯ. ಕಬ್ಬಿಣವೂ ಟೈಟೇನಿಯಮ್ಮೂ ಬೆರೆತರೆ ಅದೇ ನೀಲ. ಮಳೆಬಿಸಿಲುಗಳಿಗೆ ಬೆಟ್ಟವು ಸವೆದು ಮಣ್ಣಾದರೂ, ಗಟ್ಟಿಯಾದ ರತ್ನಗಳು ಸವೆಯದೆ ನೀರಿನೊಡನೆ ಹರಿದುಬಂದು ಜಲ್ಲಿಯಲ್ಲಿ ನಿಂತುವು.

ಈ ಶಿಲೆಗಳ ನಡುವೆ ಕುಮಾರಸ್ವಾಮಿಯವರು ಮಾಡಿದ ಕೆಲಸವು ಸಾಮಾನ್ಯವಾದುದಲ್ಲ. ಗಂಗಪಿಟಿಯವೆಂಬಲ್ಲಿ ಸುಣ್ಣಶಿಲೆಯೂ ಬೇರೊಂದು ಶಿಲೆಯೂ ಕೂಡುವ ಸಂದಿನಲ್ಲಿ ಅವರಿಗೆ ಅಪೂರ್ವವಾದ ನೀಲವರ್ಣದ ಖನಿಜವೊಂದು ದೊರೆಯಿತು. ಅದನ್ನು ೧೯೦೩ರಲ್ಲಿ ಪ್ರಯರ್ ಎಂಬ ವಿದ್ವಾಂಸರೊಡನೆ ವರ್ಣಿಸಿ, ಲಂಕೆಗೆ ಅರಬರು ಇಟ್ಟಿದ್ದ ಸೆರೆಂದಿಬ್ ಎಂಬ ಹಳೆಯ ಹೆಸರಿನಿಂದ ಸೆರೆಂದಿಬೈಟ್ ಎಂದು ಕರೆದರು. ಇಂದು ಅದು ಅತಿ ವಿರಳವಾದ ರತ್ನಗಳಲ್ಲಿ ಒಂದೆನಿಸಿದೆ. ೧೯೦೪ರಲ್ಲಿ ಬೆಳಕಿಗೆ ಬಂದ ಥೋರಿಯನೈಟ್ ಎಂಬ ಭಾರವಾದ ಕರಿಯ ಖನಿಜದ ಶೋಧದಲ್ಲಿಯೂ ಅವರ ಹೆಸರು ಸೇರಿದೆ. ೧೯೦೬ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಅವರಿಗೆ ವಿಜ್ಞಾನದ ಡಾಕ್ಟರ್ ಪದವಿಯನ್ನಿತ್ತಿತು.

ಆದರೆ ಸರ್ವೇಕ್ಷಣದ ನಿಮಿತ್ತವಾಗಿ ಹಳ್ಳಿಯಿಂದ ಹಳ್ಳಿಗೆ ಸಂಚರಿಸುತ್ತಿದ್ದವರ ಕಣ್ಣಿಗೆ ಕಲ್ಲುಗಳಷ್ಟೇ ಬೀಳಲಿಲ್ಲ. ಕಂಡಿಯ ನಾಡಿನಲ್ಲಿ ಅಕ್ಕಸಾಲಿಗರೂ ನೇಕಾರರೂ ಚಿತ್ರಗಾರರೂ ಆಶ್ರಯವಿಲ್ಲದೆ ಕುಲಕಸುಬನ್ನು ಬಿಡುತ್ತಿದ್ದರು. ಹಳೆಯ ವಿಹಾರಗಳು ಹಾಳಾಗುತ್ತಿದ್ದುವು. ಉಳ್ಳವರು ಪರದೇಶದ ಉಡುಪನ್ನು ತೊಟ್ಟು ಅದನ್ನೇ ನಾಗರಿಕತೆಯೆಂದು ಭ್ರಮಿಸಿದ್ದರು. ೧೯೦೫ರಲ್ಲಿ ಅವರು ಕಂಡಿಯ ನಾಯಕರಿಗೆ ಬಹಿರಂಗ ಪತ್ರವನ್ನು ಬರೆದು ಪ್ರಾಚೀನ ಕಟ್ಟಡಗಳನ್ನು ಕಾಪಾಡಬೇಕೆಂದು ಬೇಡಿಕೊಂಡರು. ಎರವಲು ವೇಷದ ಮೋಹವನ್ನು ಖಂಡಿಸಿ ಕಿರುಹೊತ್ತಗೆಯನ್ನು ಹೊರಡಿಸಿದರು. ಪತ್ನಿ ಎಥೆಲ್ ಅವರು ತೆಗೆದ ಛಾಯಾಚಿತ್ರಗಳೊಡನೆ, ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತ ಅವರ ಮಹಾಗ್ರಂಥವು ೧೯೦೮ರಲ್ಲಿ ಪ್ರಕಟವಾಯಿತು.

ಭೂಶಾಸ್ತ್ರವನ್ನು ಅವರು ಬಿಟ್ಟರೆಂದು ಹೇಳುವುದುಂಟು. ನಮಗಾದರೋ ಅದರ ಪಾಠವನ್ನು ಅವರು ಬಿಡಲಿಲ್ಲವೆಂದೇ ತೋರುವುದು. ಶಿಲೆಯು ಬೆಂಕಿಗೂ ಭಾರಕ್ಕೂ ಸಿಕ್ಕಿ ರೂಪಾಂತರ ಹೊಂದುವಾಗ ತನ್ನೊಳಗಿನ ದ್ರವ್ಯದಿಂದಲೇ ರತ್ನವನ್ನು ಕಟ್ಟಿಕೊಳ್ಳುವುದು. ಹೊರಗಿನಿಂದ ಬಳಿದ ಬಣ್ಣವು ಕಲ್ಲನ್ನು ಮಾಣಿಕ್ಯವನ್ನಾಗಿ ಮಾಡಲಾರದು. ಕಷ್ಟಕಾಲಕ್ಕೆ ಸಿಕ್ಕಿದ ಜನಾಂಗವೂ ಬದಲಾಗಲೇಬೇಕು. ಆದರೆ ತನ್ನ ಸತ್ತ್ವದಿಂದ ಬದಲಾದರೆ ಉಳಿಯುವುದು, ಅನುಕರಣದಿಂದ ಬದಲಾದರೆ ಅಳಿಯುವುದು. ಭಾರತದ ಸ್ವದೇಶೀ ಚಳವಳಿಯನ್ನು ಮನಃಪೂರ್ವಕವಾಗಿ ಬೆಂಬಲಿಸಿದ ಅವರು, ವಿಲಾಯತಿ ಮಾದರಿಯ ಸರಕನ್ನೇ ಇಲ್ಲಿನ ಗಿರಣಿಗಳಲ್ಲಿ ತಯಾರಿಸಿದರೆ ಅದು ಸ್ವದೇಶಿಯಾಗದೆಂದು ಎಚ್ಚರಿಸಿದುದೂ ಇದಕ್ಕಾಗಿಯೇ.

ತಾವು ಕೂಡಿಸಿದ ಚಿತ್ರಗಳೂ ಮೂರ್ತಿಗಳೂ ಭಾರತದಲ್ಲಿಯೇ ಒಂದು ರಾಷ್ಟ್ರೀಯ ಸಂಗ್ರಹಾಲಯಕ್ಕೆ ಸಲ್ಲಬೇಕೆಂಬುದು ಅವರ ಆಶೆಯಾಗಿದ್ದಿತು. ಅದು ಕೈಗೂಡಲಿಲ್ಲ. ೧೯೧೭ರಲ್ಲಿ ಆ ಸಂಗ್ರಹವು ಅಮೆರಿಕದ ಬೋಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯವನ್ನು ಸೇರಿತು. ಅದರ ಪಾಲಕರಾಗಿ ಅವರೂ ಅಲ್ಲಿಯೇ ನೆಲೆಸಿದರು. ಭಾರತವು ಸ್ವತಂತ್ರವಾದ ಇಪ್ಪತ್ತೈದನೆಯ ದಿನ, ೧೯೪೭ರ ಸೆಪ್ಟೆಂಬರ್ ೯ರಂದು, ತಾಯ್ನೆಲಕ್ಕೆ ಮರಳಬೇಕೆಂಬ ಹಂಬಲವು ಈಡೇರದೆ ಅಲ್ಲಿಯೇ ದೇಹವನ್ನು ಬಿಟ್ಟರು.

ಬೋಸ್ಟನ್ನಿನವರು ಆ ಸಂಪತ್ತನ್ನು ಆದರದಿಂದ ಕಾಪಾಡಿಕೊಂಡು ಬಂದಿರುವರು, ಅವರನ್ನು ದೂರುವಂತಿಲ್ಲ. ರತ್ನವು ನೆಲದಲ್ಲಿದ್ದರೆ ಸಾಲದು, ಅದನ್ನು ಗುರುತಿಸುವ ಕಣ್ಣೂ ಬೇಕು. ನಮ್ಮ ಊರುಗಳಲ್ಲಿಯೂ ಕೈಕಸುಬನ್ನು ಬಿಟ್ಟು ಕೂಲಿಗೆ ಹೊರಟ ಕುಶಲಕರ್ಮಿಗಳೂ, ಮಳೆಯಲ್ಲಿ ಕರಗುತ್ತಿರುವ ಗುಡಿಗಳೂ ಇನ್ನೂ ಕಡಿಮೆಯಿಲ್ಲ. ಅವುಗಳ ಬೆಲೆಯನ್ನು ಇನ್ನೊಬ್ಬರು ಬಂದು ಹೇಳುವವರೆಗೂ ನಾವು ಕಾದಿರಬೇಕೆ?